ಬಾಗಿಲ ಚೌಕಟ್ಟಿನಲ್ಲಿರುವ ಆಜ್ಞೆ

ಹೋಲೋನ್, ಇಸ್ರೇಲ್
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಪ್ಪ, ಅಮ್ಮ, ನಿಮಗೆ ನನ್ನ ನಮಸ್ಕಾರಗಳು.

ಕರ್ತನ ಕೃಪೆಯಿಂದ ನಾನು ಕ್ಷೇಮವಾಗಿದ್ದೇನೆ. ಅಪ್ಪ, ಕಳೆದ ವಾರ ನೀವು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಆಗ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಭಾನುವಾರ ಕೆಲಸದ ದಿನ, ಆರಾಧನೆ ತಪ್ಪುತ್ತದೆ, ಬೆಳಗಿನ ಪ್ರಾರ್ಥನೆಯೂ ಎಷ್ಟೋ ದಿನ ಅರ್ಧಕ್ಕೇ ನಿಲ್ಲುತ್ತದೆ. ಹೀಗಿರುವಾಗ ದೇವರ ಮೇಲಿನ ಪ್ರೀತಿ ತಣ್ಣಗಾಗುವುದಿಲ್ಲವೇ ಮಗಳೇ ಎಂದಿರಿ. ಆ ಮಾತು ಎಂಟು ದಿನಗಳಿಂದ ನನ್ನ ಜೊತೆಗೇ ಇದೆ. ಅದಕ್ಕೇ ಈ ಪತ್ರ.

ನಾನು ಕೆಲಸಕ್ಕಿರುವ ಈ ಯೆಹೂದ್ಯರ ಮನೆಯ ಬಾಗಿಲುಗಳ ಬಲಗಡೆಯ ಚೌಕಟ್ಟಿನಲ್ಲಿ, ಹೆಗಲೆತ್ತರಕ್ಕೆ, ಬೆರಳುದ್ದದ ಒಂದು ಕೊಳವೆಯನ್ನು ಓರೆಯಾಗಿ ಬಡಿದಿದ್ದಾರೆ. ಇದನ್ನು ಮೆಝೂಝಾ ಎನ್ನುತ್ತಾರೆ. ಬಂದ ಹೊಸತರಲ್ಲಿ ಏನೋ ಅಲಂಕಾರವೆಂದುಕೊಂಡಿದ್ದೆ. ಅದರೊಳಗೆ ಚರ್ಮದ ಹಾಳೆಯ ಸುರುಳಿ ಇದೆ, ಅದರ ಮೇಲೆ ಲಿಪಿಕಾರರು ಕೈಯಿಂದ ಬರೆದ 22 ಸಾಲುಗಳಿವೆ, ಮತ್ತು ಆ ಸಾಲುಗಳು ನೀವು ನಮಗೆ ಚಿಮಣಿ ದೀಪದ ಮುಂದೆ ಬಾಯಿಪಾಠ ಮಾಡಿಸಿದ ಸತ್ಯವೇದದ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಿಂದಲೇ ಆರಂಭವಾಗುತ್ತವೆ ಎಂದು ತಿಳಿದ ದಿನ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ದೇವರನ್ನು ಪ್ರೀತಿಸಬೇಕೆಂಬ ಆಜ್ಞೆಯ ಮುಂದೆ ಹಾದುಹೋಗದೆ ನಾನು ಇಲ್ಲಿ ಒಂದು ಲೋಟ ನೀರನ್ನೂ ಒಯ್ಯುವಂತಿಲ್ಲ.

ನಾನು ನೋಡಿಕೊಳ್ಳುವ ಅಜ್ಜಿಯನ್ನು ಇಲ್ಲಿಯ ಮಾತಿನಲ್ಲಿ ಸಾವ್ತಾ ಎಂದು ಕರೆಯುತ್ತೇನೆ. ಅವರಿಗೆ 91 ವರ್ಷ. ಗಾಲಿಕುರ್ಚಿಯಲ್ಲಿ ಕೂತವರಿಗೆ ಮೆಝೂಝಾ ಎಟುಕುವುದಿಲ್ಲ. ಆದರೂ ಬಾಗಿಲು ಬಂದಾಗಲೆಲ್ಲ ಬಲಗೈ ಸ್ವಲ್ಪ ಮೇಲೇಳುತ್ತದೆ, ನಡುಗುತ್ತದೆ, ಮತ್ತೆ ಮಡಿಲಿಗೆ ಬೀಳುತ್ತದೆ. ಒಂದು ದಿನ ನಾನೇ ನನ್ನ ಬೆರಳುಗಳನ್ನು ಅದಕ್ಕೆ ಮುಟ್ಟಿಸಿ, ಅವೇ ಬೆರಳುಗಳನ್ನು ಅವರ ಕೈಗೆ ತಾಗಿಸಿದೆ. ಸಾವ್ತಾ ತಮ್ಮ ಕೈಯನ್ನು ತುಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅಂದಿನಿಂದ ಹಾಗೆಯೇ ನಡೆದಿದೆ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಹೋದ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಸತ್ಯವೇದ ತೆರೆದು ಮೊಣಕಾಲೂರಿದ್ದೆ. ಪಕ್ಕದ ಕೋಣೆಯಿಂದ ಸಾವ್ತಾ ಕರೆದರು. ಆ ರಾತ್ರಿ ಅದು ನಾಲ್ಕನೆಯ ಸಲ. ಈ ಕಾಲು ಗಂಟೆಯಾದರೂ ದೇವರದ್ದು ಎಂದು ಮನಸ್ಸಿನಲ್ಲೇ ಸಿಡುಕಿ, ಕೇಳಿಸದವಳಂತೆ ಪ್ರಾರ್ಥನೆ ಮುಂದುವರಿಸಿದೆ. ಆಮೆನ್ ಹೇಳಿ ಹೋಗುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿತ್ತು. ಅವರು ಬೈಯಲಿಲ್ಲ, ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ ಸದ್ದಿಲ್ಲದೆ ಅಳುತ್ತಿದ್ದರು. ಕಂಡ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನು ಬರೆದದ್ದನ್ನು ಎಷ್ಟು ಸಲ ಓದಿದ್ದೆನೋ! ಬಟ್ಟೆ ಬದಲಿಸುತ್ತಾ ಅವರಲ್ಲೂ ದೇವರಲ್ಲೂ ಒಟ್ಟಿಗೇ ಕ್ಷಮೆ ಕೇಳಿದೆ.

ಆದರೆ ಸೇವೆಯೊಂದಿದ್ದರೆ ಸಾಕು, ಪ್ರಾರ್ಥನೆ ಬೇಡ ಎಂದು ನಾನು ಹೇಳುತ್ತಿಲ್ಲ, ಅಪ್ಪ. ಆ ಘಟನೆಯ ನಂತರ ಕೆಲವು ವಾರ ಪ್ರಾರ್ಥನೆಯನ್ನೇ ಬಿಟ್ಟು ಕೆಲಸದಲ್ಲಿ ಮುಳುಗಿ ನೋಡಿದೆ. ಔಷಧಿ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಸ್ನಾನ ಆಗುತ್ತಿತ್ತು, ಆದರೆ ನನ್ನ ಕೈ ಒರಟಾಗಿತ್ತು. ತಲೆ ಬಾಚುವಾಗ ಸಾವ್ತಾ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಅದು ಅರಿವಿಗೆ ಬಂತು. ಈಗ ಐದಕ್ಕಲ್ಲ, ನಾಲ್ಕೂವರೆಗೆ ಏಳುತ್ತೇನೆ. ಕರೆ ಬಂದರೆ ವಾಕ್ಯದ ಮಧ್ಯದಲ್ಲೇ ಏಳುತ್ತೇನೆ. ಉಳಿದ ಪ್ರಾರ್ಥನೆಯನ್ನು ಅವರ ಹಾಸಿಗೆಯ ಬಳಿಯೇ ಮುಗಿಸುತ್ತೇನೆ.

ಯಾವ ಆಜ್ಞೆ ಮೊದಲನೆಯದು ಎಂದು ಶಾಸ್ತ್ರಿಯೊಬ್ಬನು ಕೇಳಿದಾಗ ಯೇಸು ಬಾಗಿಲ ಮೇಲಿನ ಈ ಮಾತನ್ನು ಹೇಳಿ, ಅಲ್ಲಿಗೇ ನಿಲ್ಲದೆ, ಯಾಜಕಕಾಂಡದ 19ನೆಯ ಅಧ್ಯಾಯದಿಂದ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದನ್ನು ತಂದು ಅದರ ಪಕ್ಕದಲ್ಲಿಟ್ಟನೆಂದು ಮಾರ್ಕನು ಬರೆಯುತ್ತಾನೆ. ಆ ಅಧ್ಯಾಯವನ್ನು ಈಚೆಗೆ ಪೂರ್ತಿ ಓದಿದೆ. ನರೆತಲೆಯವರ ಮುಂದೆ ಎದ್ದು ನಿಲ್ಲಬೇಕೆಂದು ಅಲ್ಲಿದೆ; ಎರಡೇ ವಚನಗಳ ನಂತರ, ಪರದೇಶದವನನ್ನೂ ನಿನ್ನಂತೆಯೇ ಪ್ರೀತಿಸಬೇಕು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಲ್ಲವೇ ಎಂದಿದೆ. ಈ ಮನೆಯಲ್ಲಿ ಒಬ್ಬರು ನರೆತಲೆಯವರು, ಇನ್ನೊಬ್ಬಳು ಪರದೇಶದವಳು. ನನಗೆ ಜ್ವರ ಬಂದ ದಿನ ಸಾವ್ತಾ ತಮ್ಮ ಮೊಮ್ಮಗಳಿಗೆ ಫೋನ್ ಮಾಡಿಸಿ ನನಗಾಗಿ ಸೂಪು ತರಿಸಿದ್ದರು.

ಒಂದು ಶನಿವಾರ ಸಭೆಯವರೊಡನೆ ಬಸ್ಸಿನಲ್ಲಿ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದೆವು. ಇಳಿಯುವುದು ಎಂದೇ ಹೇಳಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಿಂದ ಹೊರಟು, ಸಮುದ್ರಮಟ್ಟಕ್ಕಿಂತಲೂ ಸುಮಾರು 250 ಮೀಟರ್ ಕೆಳಗಿನ ಊರಿಗೆ ಹೋಗುತ್ತೇವೆ. ಎರಡೂ ಕಡೆ ಮರವಿಲ್ಲದ ಬೋಳುಗುಡ್ಡಗಳು, ಕೊರಕಲುಗಳು. ಗಾಯಗೊಂಡು ಬಿದ್ದವನು ಅಲ್ಲಿ ಬಿಸಿಲಿಗೇ ಸಾಯುತ್ತಾನೆ. ಈ ದಾರಿಯಲ್ಲೇ ಕಳ್ಳರಿಂದ ಗಾಯಗೊಂಡು ಬಿದ್ದವನನ್ನು ಪರಜನರಾದ ಸಮಾರ್ಯದವರಲ್ಲಿ ಒಬ್ಬನು ಛತ್ರಕ್ಕೆ ಒಯ್ದು ಉಳಿಸಿದನೆಂದು ಯೇಸು ಹೇಳಿದ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು, ವಿಚಿತ್ರವೆಂದರೆ, ಛತ್ರದವನು. ಸಂಬಳ ಪಡೆದು ಮಾಡುವುದು ಪ್ರೀತಿಯಾದೀತೇ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇತ್ತು. ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ ಮೇಲೆ, ಎರಡು ದಿನದ ಕೂಲಿಯಷ್ಟು ಹಣವನ್ನು ಛತ್ರದವನ ಕೈಗಿಟ್ಟು ಹೊರಟುಹೋದನು; ರಾತ್ರಿ ಎದ್ದು ನೀರು ಕೊಟ್ಟವನು, ಬಟ್ಟೆ ಒಗೆದವನು ಈ ಛತ್ರದವನೇ ಇರಬೇಕು. ಅವನ ಒಂದು ಮಾತನ್ನೂ ಲೂಕನು ಬರೆದಿಲ್ಲ. ಹಣ ಪಡೆದನೆಂದು ಯೇಸು ಅವನನ್ನು ಹಳಿಯಲೂ ಇಲ್ಲ.

ಲೋಕದಲ್ಲಿ ಈಗ ಉಳಿದಿರುವ ಸಮಾರ್ಯದವರು ಸಾವಿರಕ್ಕಿಂತ ಕಡಿಮೆ. ಅವರಲ್ಲಿ ಒಂದು ಭಾಗದವರು ಗೆರಿಜೀಮ್ ಬೆಟ್ಟದ ಮೇಲಿದ್ದಾರೆ, ಉಳಿದವರಲ್ಲಿ ಹೆಚ್ಚಿನವರು ನಾನಿರುವ ಈ ಹೋಲೋನಿನಲ್ಲೇ ಇದ್ದಾರೆ. ಅವರ ಓಣಿಯ ಮುಂದೆ ಹಾದುಹೋಗುವಾಗಲೆಲ್ಲ ಅಮ್ಮನ ನೆನಪಾಗುತ್ತದೆ. ನಾನು ಇಲ್ಲಿ ಬೇರೆಯವರ ತಾಯಿಯ ಕಾಲು ತೊಳೆಯುವಾಗ ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುವವರು ಪಕ್ಕದ ಮನೆಯ ಬ್ಯಾರಿ ಮುಸ್ಲಿಮ್ ಚಾಚಿ. ಮಳೆಯಲ್ಲಿ ಆಟೋ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದವರೂ ಅವರೇ ಅಲ್ಲವೇ? ಈ ತಿಂಗಳ ಹಣದಲ್ಲಿ ಆಟೋ ಬಾಡಿಗೆಯನ್ನಾದರೂ ಅವರಿಗೆ ಕೊಡಿ, ಬೇಡವೆಂದರೆ ಒತ್ತಾಯಿಸಬೇಡಿ. ಅಮ್ಮ, ಈ ವರ್ಷ ಮಿಡಿ ಉಪ್ಪಿನಕಾಯಿಯ ಮೊದಲ ಭರಣಿ ಅವರ ಮನೆಗೆ ಹೋಗಲಿ.

ಸೂರ್ಯ ಮುಳುಗಲು ಇನ್ನು ಹೆಚ್ಚು ಹೊತ್ತಿಲ್ಲ. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನ ಎರಡು ದೀಪ ಹಚ್ಚಬೇಕು. ಕಡ್ಡಿ ಗೀರುವಾಗ ಸಾವ್ತಾನ ಮಣಿಕಟ್ಟನ್ನು ನಾನು ಹಿಡಿದುಕೊಳ್ಳಬೇಕು. ಕರೆಯುತ್ತಿದ್ದಾರೆ, ಏಳುತ್ತೇನೆ.

ನಿಮ್ಮ ಪ್ರೀತಿಯ ಮಗಳು