ಸೇನಾ ಚಾಲಕರಿಗೆ ಹೊಂಚುದಾಳಿ ತರಬೇತಿ ಹೆಚ್ಚಲಿ

ಮಾನ್ಯರೇ,

2024ರ ಜುಲೈ 8ರಂದು ಜಮ್ಮುವಿನ ಕಠುವಾ ಜಿಲ್ಲೆಯ ಗುಡ್ಡದ ರಸ್ತೆಯಲ್ಲಿ ಸಾಗುತ್ತಿದ್ದ ಸೇನಾ ವಾಹನಗಳ ಮೇಲೆ ಉಗ್ರರು ಹೊಂಚುದಾಳಿ ನಡೆಸಿ ಐವರು ಯೋಧರನ್ನು ಕೊಂದರು. ಅಂಥ ದಾರಿಯ ತಿರುವಿನಲ್ಲಿ ಚಾಲಕ ಗೇರ್ ಇಳಿಸುವ ಕ್ಷಣಕ್ಕಾಗಿಯೇ ವೈರಿ ಕಾದಿರುತ್ತಾನೆ. ಗುಂಡಿನ ಸದ್ದಿಗೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುವುದು ಸಹಜವಾದರೂ, ಗುಂಡು ಬೀಳುವ ಜಾಗದಲ್ಲಿ ನಿಲ್ಲದೆ ಮುಂದಕ್ಕೋ ಹಿಂದಕ್ಕೋ ದಾಟಿಕೊಳ್ಳುವುದೇ ಮೊದಲ ಪಾಠ.

ಸೇನೆಯಲ್ಲಿ ಹದಿನೇಳು ವರ್ಷ ಟ್ರಕ್ ಓಡಿಸಿದ ನಾನು ಬಲ್ಲಂತೆ, ಜನ ತುಂಬಿದ ಟ್ರಕ್ಕನ್ನು ಕನ್ನಡಿ ನೋಡಿಕೊಂಡೇ ಕಿರುದಾರಿಯಲ್ಲಿ ನೂರು ಮೀಟರ್ ಹಿಮ್ಮುಖವಾಗಿ ಓಡಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಚಾಲಕನಿಗೇ ಗುಂಡು ತಗುಲಿದರೆ ಪಕ್ಕದವನು ಸ್ಟೀರಿಂಗ್ ಹಿಡಿಯುವುದನ್ನೂ (ಇದನ್ನು ಅಭ್ಯಾಸ ಮಾಡಿಸುವುದು ತೀರಾ ಕಡಿಮೆ), ವಾಹನಗಳ ನಡುವೆ ಅಂತರ ಕಾಯುವುದನ್ನೂ ಮತ್ತೆ ಮತ್ತೆ ರೂಢಿಸಬೇಕು.

ಸೇನಾ ಚಾಲಕರನ್ನು ತಯಾರಿಸುವ ಆರ್ಮಿ ಸರ್ವಿಸ್ ಕೋರ್ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಕಾಶ್ಮೀರಕ್ಕೆ ಹೊರಡುವ ಪ್ರತಿ ಚಾಲಕನಿಗೂ ಖಾಲಿ ಗುಂಡಿನ ಸದ್ದು, ಹೊಗೆಯ ನಡುವೆ, ರಾತ್ರಿ ಹೊತ್ತಿನಲ್ಲೂ ಈ ಅಭ್ಯಾಸವನ್ನು ಕಡ್ಡಾಯಗೊಳಿಸಿ, ವರ್ಷಕ್ಕೊಮ್ಮೆ ಮರುಪರೀಕ್ಷೆ ನಡೆಸುವಂತೆ ರಕ್ಷಣಾ ಸಚಿವಾಲಯವನ್ನು ಕೋರುತ್ತೇನೆ.

– ಮಾಜಿ ಸೈನಿಕ, ಸೋಮವಾರಪೇಟೆ