ಪಾನಿಪುರಿ ಗಾಡಿಗೆ ಬೇಕಿರುವುದು ನಲ್ಲಿ, ಭಾಷಣವಲ್ಲ

ಮಾನ್ಯರೇ,

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೊಡಮಿನ್-ಬಿ ಎಂಬ ರಾಸಾಯನಿಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್ ಸರದಿ. ಒಳ್ಳೆಯದೇ. ಆದರೆ ಗೋಬಿ ಕೆಂಪಗಿಲ್ಲದಿದ್ದರೆ ಮೂತಿ ತಿರುಗಿಸಿ ಪಕ್ಕದ ಗಾಡಿಗೆ ಹೋಗುವವರು ನಾವೇ ಅಲ್ವಾ?

ಕೈ ಸ್ವಚ್ಛತೆಯದೂ ಇದೇ ಕಥೆ. ಸಂಜೆ ರಶ್ಶಿನಲ್ಲಿ ಪಾನಿಪುರಿ ಗಾಡಿಯವರನ್ನು ಗಮನಿಸಿ. ನೋಟು ತೆಗೆದುಕೊಂಡ ಕೈಯ ಹೆಬ್ಬೆರಳಿನಿಂದಲೇ ಪೂರಿ ಒಡೆದು, ಅದೇ ಕೈಯನ್ನು ಪಾನಿಯ ಪಾತ್ರೆಗೆ ಅದ್ದುತ್ತಾರೆ. ಕೈ ತೊಳೆಯಬೇಕು ಅಂತ ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ನೀರಿನ ಕ್ಯಾನ್ ಇರುವುದು ಗಾಡಿಯ ಕೆಳಗೆ, ತೊಳೆಯಬೇಕೆಂದರೆ ಬಗ್ಗಬೇಕು, ಅಷ್ಟರಲ್ಲಿ ಎದುರಿಗೆ ದೊನ್ನೆ ಹಿಡಿದು ನಿಂತ ಐದಾರು ಜನ 'ಬೇಗ ಕೊಡಣ್ಣಾ' ಅಂತಿರುತ್ತಾರೆ. ಇಂಥವರನ್ನು ಸಭಾಂಗಣದಲ್ಲಿ ಕೂರಿಸಿ ಸುಮ್ನೆ ಭಾಷಣ ಮಾಡಿದರೆ ಏನೂ ಆಗದು. ದಂಡ ಹಾಕಿದರೂ ಅಧಿಕಾರಿ ಆ ಕಡೆ ಹೋಗುವವರೆಗೆ ಮಾತ್ರ.

ನೋಡಿ, ಕ್ಯೂಆರ್ ಕೋಡ್ ಬಂದ ಮೇಲೆ ಎಷ್ಟೋ ಗಾಡಿಗಳಲ್ಲಿ ನೋಟು ಮುಟ್ಟುವುದೇ ಕಡಿಮೆಯಾಗಿದೆ. ಸ್ವಚ್ಛತೆಗೆಂದು ಯಾರೂ ಅದನ್ನು ತರಲಿಲ್ಲ, ಸಲೀಸಾಗಿತ್ತು, ಜನ ಹಿಡಿದುಕೊಂಡರು.

ಹಾಗೇ ಕೈಗೆಟುಕುವ ಎತ್ತರದಲ್ಲಿ ನಲ್ಲಿಯಿರುವ ಕ್ಯಾನ್, ಗಿರಾಕಿಗೆ ಕಾಣುವಂತೆ ಸೋಪು, ಪಾತ್ರೆಗೇ ಕಟ್ಟಿದ ಉದ್ದ ಹಿಡಿಯ ಸೌಟು ಕೊಡಿ. ಬೀದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ ಕೊಡುವಾಗಲೇ ಪಾಲಿಕೆಯವರು ಇದನ್ನೂ ಕೊಡಬಹುದು. ಬೆಂಗಳೂರಿನ ವಿ.ವಿ.ಪುರಂ ತಿಂಡಿ ಬೀದಿಯಲ್ಲೇ ಮೊದಲು ಮಾಡಿ ನೋಡಲಿ.

– ಒಬ್ಬ ಓದುಗ, ಬೆಂಗಳೂರು