ಕುಣಿಯುವವಳನ್ನು ಏನಂತ ಕರೆಯುತ್ತೀ?

ಬಳ್ಳಾರಿ

ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಬಯಲಾಟದ ರಾತ್ರಿ, ಬೆಳಗಿನ ಜಾವಕ್ಕೆ ಬಣ್ಣ ಕರಗಿದ ಮುಖಗಳು, ಜೋಳದ ಹೊಲ ದಾಟಿ ಬರುವ ಗಾಳಿ, ಎಲ್ಲಾ ಚೆನ್ನಾಗಿದೆ. ತೊಡಕಾಗಿದ್ದು ಒಂದೇ ಕಡೆ. ಸಿಂಧನೂರು ಸೀಮೆಯ ಹಳ್ಳಿಯಲ್ಲಿ ಕುಣಿಯುವ ಆ ಹುಡುಗಿಗೆ ಮೇನಕಾ ಅಂತ ಹೆಸರಿಟ್ಟಿದ್ದೀ. ಪುಟಪುಟಕ್ಕೂ ಅವಳನ್ನು 'ನರ್ತಕಿ' ಅಂದಿದ್ದೀ. ಅವಳ ಅವ್ವನೂ ನರ್ತಕಿ ಅನ್ನುತ್ತಾಳೆ, ಚಹಾ ಅಂಗಡಿಯವನೂ ನರ್ತಕಿ ಅನ್ನುತ್ತಾನೆ. ಯಾವ ಚಹಾ ಅಂಗಡಿಯಲ್ಲಪ್ಪಾ ಹಾಗೆ ಮಾತಾಡುವುದು?

ಕತೆಯ ನಡುವೆ ಒಬ್ಬ ಮಾಸ್ತರ ಬಾಯಲ್ಲಿ ಇನ್ನೊಂದು ಮಾತು ಹೇಳಿಸಿದ್ದೀ. ಇಟಲಿ ಭಾಷೆಯಲ್ಲಿ 'ಬಲ್ಲಾರೆ' ಅಂದರೆ ಕುಣಿಯುವುದು, ಆದ್ದರಿಂದ ಬಳ್ಳಾರಿ ಅಂದರೆ ಕುಣಿತದ ಊರು ಅಂತ. ಮೊದಲರ್ಧ ನಿಜ. ಬ್ಯಾಲೆ, ಬ್ಯಾಲೆರಿನಾ ಎಲ್ಲಾ ಆ ಬೇರಿನಿಂದಲೇ ಚಿಗುರಿದ್ದು. ಎರಡನೇ ಅರ್ಧ ಬರೀ ಕಿವಿಯ ಆಟ. ನಮ್ಮೂರ ಹೆಸರಿಗೆ ಇಂದ್ರ, ಬಲಾಸುರ ಅಂತ ಇಲ್ಲೇ ಕತೆಗಳಿವೆ, ಇಟಲಿಯವರ ಸಾಲ ಯಾಕೆ? ಆ ಸಾಲು ತೆಗೆದುಬಿಡು.

ಅದೇ ಬೇರಿನ ಒಂದು ಮಾತು ನಿಜವಾಗಿಯೂ ನಮ್ಮ ಕಡೆಗೆ ಬಂದಿತ್ತು, ಆದರೆ ಗೋವಾ ದಾರಿಯಿಂದ. ಪೋರ್ಚುಗೀಸರು ಇಲ್ಲಿನ ಗುಡಿಗಳಲ್ಲಿ ಕುಣಿಯುವವರನ್ನು 'ಬೈಲಾದೈರಾ' ಅಂದರು. ಅವರ ಭಾಷೆಯಲ್ಲಿ ಅದು ಕುಣಿಯುವವಳು ಅಂತ ಅಷ್ಟೇ. ಫ್ರೆಂಚರ ಬಾಯಲ್ಲಿ ಅದು 'ಬಯಾದೇರ್' ಆಯಿತು. 1877ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದೇ ಹೆಸರಿನ ಬ್ಯಾಲೆ ರಂಗಕ್ಕೆ ಬಂತು. ನಮ್ಮ ಗುಡಿಯ ಹೆಣ್ಣು ಅಲ್ಲಿ ತುದಿಗಾಲ ಮೇಲೆ ನಿಂತಳು. ಅವಳು ತನ್ನನ್ನು ಏನಂತ ಕರೆದುಕೊಳ್ಳುತ್ತಿದ್ದಳು ಅಂತ ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ.

ಕಿವಿ ಮೋಸ ಮಾಡುತ್ತದೆ ಅನ್ನುವುದಕ್ಕೆ ಮಾತಾ ಹರಿಯೇ ಸಾಕು. ಹೆಸರು ಕೇಳಿದರೆ ಯಾವುದೋ ಮಠದ ಮಾತಾಜಿ ನೆನಪಾಗುತ್ತಾರೆ, ಅಲ್ವಾ? ಅದು ಮಲಯ ಭಾಷೆಯ ಮಾತು. ಮಾತಾ ಅಂದರೆ ಕಣ್ಣು, ಹರಿ ಅಂದರೆ ಹಗಲು. ಹಗಲಿನ ಕಣ್ಣು, ಅಂದರೆ ಸೂರ್ಯ. ಆ ಹೆಸರಿಟ್ಟುಕೊಂಡವಳು 1876ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಮಾರ್ಗರೇಥಾ ಜೆಲ್ಲೆ. ತಾನು ಭಾರತದ ಗುಡಿಯಲ್ಲಿ ಕುಣಿತ ಕಲಿತವಳು ಅಂತ ಪ್ಯಾರಿಸ್ಸಿನವರನ್ನು ನಂಬಿಸಿದಳು. 1917ರಲ್ಲಿ ಗೂಢಚಾರಿಣಿ ಅಂತ ಅವಳನ್ನು ಗುಂಡಿಟ್ಟು ಕೊಂದರು.

ಇನ್ನು ಕಿವಿಗೆ ಗೊತ್ತೇ ಆಗದ ನೆಂಟಸ್ತಿಕೆಯೂ ಇರುತ್ತದೆ. ಆಟದ ಮಾಸ್ತರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರಲ್ಲ, ಆ ತಾಲೀಮು ಅರಬ್ಬಿಯದು. ಕಲಿಸುವುದು ಅಂತ ಅರ್ಥ. ಅದೇ ಬೇರಿನಿಂದ ಈಜಿಪ್ಟಿನಲ್ಲಿ 'ಆಲಿಮಾ' ಅನ್ನುವ ಮಾತು ಬಂತು. ಅಂದರೆ ತಿಳಿದವಳು. ದೊಡ್ಡ ಮನೆಗಳ ಹೆಂಗಸರ ನಡುವೆ ಹಾಡುವ, ಕವಿತೆ ಹೇಳುವ ಹೆಣ್ಣಿಗೆ ಅದು ಗೌರವದ ಹೆಸರು. ಬೀದಿಯಲ್ಲಿ ಕುಣಿಯುವವರ ಹೆಸರು ಬೇರೆ, ಘವಾಜಿ ಅಂತ. ಯುರೋಪಿನ ಪ್ರವಾಸಿಗರು ಎರಡನ್ನೂ ಕಲಸಿ ಎಲ್ಲರನ್ನೂ 'ಅಲ್ಮೆ' ಅಂದರು. 1834ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಕೈರೋದಲ್ಲಿ ಹೆಂಗಸರ ಬಹಿರಂಗ ಕುಣಿತ ನಿಲ್ಲಿಸಿ, ಅವರನ್ನು ತೆಂಕಣ ಊರುಗಳಿಗೆ ಅಟ್ಟಿದ. ತಿಳಿದವಳು ಅನ್ನುವ ಮಾತಿನ ಬೆಲೆಯೂ ಹಾಗೇ ಇಳಿಯಿತು.

ನಮ್ಮಲ್ಲೂ ಹಾಗೇ ಆಗಿದೆ ತಮ್ಮಾ. ಹಳೆಯ ಶಾಸನಗಳಲ್ಲಿ ಗುಡಿಯಲ್ಲಿ ಕುಣಿಯುವವಳಿಗೆ 'ಪಾತ್ರ' ಅನ್ನುತ್ತಿದ್ದರು. ಅದು ಜನರ ಬಾಯಲ್ಲಿ 'ಪಾತರದವಳು' ಆಯಿತು, ಆಮೇಲೆ ಬೈಗುಳವಾಯಿತು. ಆದರೂ ನಮ್ಮ ಕಡೆ ಮಕ್ಕಳು ಚಿಟ್ಟೆಗೆ ಏನನ್ನುತ್ತಾರೆ? ಪಾತರಗಿತ್ತಿ! ಬಣ್ಣ ಹಾಕಿಕೊಂಡು ಕುಣಿಯುವ ಹೆಣ್ಣು. ದೊಡ್ಡವರು ಹೊಲಸು ಮಾಡಿದ ಮಾತು ಹುಡುಗರ ಬಾಯಲ್ಲಿ ರೆಕ್ಕೆ ಕಟ್ಟಿಕೊಂಡು ಉಳಿದಿದೆ. ಇದನ್ನು ನೆನೆದಾಗೆಲ್ಲ ನನಗೆ ಸುಮ್ನೆ ನಗು ಬರುತ್ತದೆ. ಸೂಳೆ ಸಂಕವ್ವೆ ಅಂತ ವಚನಕಾರ್ತಿ ಇದ್ದಳಲ್ಲ, ಅವಳಂತೂ ಆ ಹೆಸರನ್ನು ಬಿಡಲೇ ಇಲ್ಲ. ಅವಳದು ಅಂತ ಉಳಿದಿರುವುದು ಒಂದೇ ವಚನ, ಅದರ ಅಂಕಿತ ನಿರ್ಲಜ್ಜೇಶ್ವರ. ನಮ್ಮ ಕಾಲದ, ಎಲ್ಲಮ್ಮನಿಗೆ ಮುಡಿಪಾದ ಮಂಜಮ್ಮ ಜೋಗತಿಯವರನ್ನೇ ನೋಡು. ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಬಂತು. ಜೋಗತಿ ಅನ್ನುವುದನ್ನು ಹೆಸರಿನಿಂದ ಕಳಚಿಡಲಿಲ್ಲ.

ನಾನೂ ತಪ್ಪು ಮಾಡಿದವನೇ. ನಿನ್ನ ವಯಸ್ಸಿನಲ್ಲಿ ಒಬ್ಬ ಜೋಗತಿಯ ಬಗ್ಗೆ ಬರೆದೆ. ಗೌರವ ಇರಲಿ ಅಂತ 'ನೃತ್ಯ ಕಲಾವಿದೆ' ಅಂತ ಹಾಕಿದೆ. ಅಚ್ಚಾದ ಮೇಲೆ ಹೋಗಿ ಓದಿ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತಾ ಕೇಳಿ, "ನಾ ಕುಣಿಯಾಕಿ ಅಲ್ರೀ, ಅಮ್ಮನ ಕೊಡ ಹೊತ್ತಾಕಿ" ಅಂದರು. ಇಡೀ ಬರಹ ಅಲ್ಲೇ ಬಿದ್ದುಹೋಯಿತು. ಆಕೆಯ ತಲೆ ಮೇಲಿನ ಕೊಡ ಅದರಲ್ಲಿ ಎಲ್ಲೂ ಇರಲೇ ಇಲ್ಲ.

'ಕುಣಿಯಾಕಿ' ಅಂತ ಬರೆಯಲು ನಿನಗೆ ನಾಚಿಕೆ ಇರಬಹುದು. ಸ್ಪೇನಿನವರಿಗೆ ಆ ನಾಚಿಕೆ ಇಲ್ಲ. ಅಲ್ಲಿ ಬ್ಯಾಲೆ ಮಾಡುವವಳು ಬೈಲಾರಿನಾ, ಫ್ಲಮೆಂಕೊ ಕುಣಿಯುವವಳು 'ಬೈಲಾಓರಾ'. ಅದು 'ಬೈಲಾದೋರಾ' ಆಗಬೇಕಿತ್ತು. ಫ್ಲಮೆಂಕೊದ ತವರಾದ ಆಂಡಲೂಸಿಯಾ ಸೀಮೆಯ ಜನ ನಡುವಿನ 'ದ' ನುಂಗಿ ಮಾತಾಡುತ್ತಾರೆ, ಬರೆಯುವವರೂ ಹಾಗೇ ಬರೆಯುತ್ತಾರೆ. ಹೆಸರು ಕೇಳಿದರೇ ಅವಳು ಯಾವ ಕುಣಿತದವಳು ಅಂತ ಗೊತ್ತಾಗುತ್ತದೆ.

ಹಾಗಂತ ಎಲ್ಲಾ ಕಡೆ ಆಡುಮಾತು ತುರುಕಬೇಡ, ಅದೂ ಒಂದು ಶೋಕಿಯೇ. ಮೊಹರಂ ದೃಶ್ಯದಲ್ಲಿ ಮಾತ್ರ ಒಂದು ಒಳ್ಳೆಯ ಅವಕಾಶ ಬಿಟ್ಟಿದ್ದೀ. 'ಬೆಂಕಿಯ ಗುಂಡಿ' ಅಂತ ಬರೆದಿದ್ದೀಯಲ್ಲ, ಅದು ಅಲಾಯಿ ಕುಣಿ ಅಲ್ಲವೇನೋ? ಅದರ ಸುತ್ತ ಜನ ಕುಣಿಯುತ್ತಾರೆ. ಒಂದೇ ಸಾಲಿನಲ್ಲಿ ಎರಡು ಕುಣಿ ಬಂದರೆ ಬರಲಿ ಬಿಡು.

ಮೇನಕಾಳ ಹೆಸರು ಬದಲಿಸು. ದುರುಗಮ್ಮ, ಹನುಮವ್ವ, ಏನಾದರೂ ಇರಲಿ. ಅವ್ವ ಅವಳನ್ನು ಸಿಟ್ಟು ಬಂದಾಗ ಏನಂತ ಕರೆಯುತ್ತಾಳೆ, ಪಾರ್ಟು ಮುಗಿಸಿ ಬಂದಾಗ ಏನಂತ ಕರೆಯುತ್ತಾಳೆ, ಅದನ್ನು ಮೊದಲು ಬರೆದುಕೋ. ಬರುವ ಹುಣ್ಣಿಮೆಗೆ ನಾನು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವವನಿದ್ದೇನೆ. ನೀನು ಗಂಗಾವತಿ ಕಡೆಯಿಂದ ಬಂದುಬಿಡು, ಮುನಿರಾಬಾದ್ ಸ್ಟೇಷನ್ನಿನಲ್ಲಿ ಸಿಗೋಣ. ಕೊಡ ಹೊತ್ತವರು ಅಲ್ಲಿ ಬಂದಿರುತ್ತಾರೆ. ಫೋನಿನ ರೆಕಾರ್ಡರ್ ಕೇಳದೆ ಆನ್ ಮಾಡಬೇಡ. ಮೊದಲು ಚಹಾ ಕುಡಿಸು.

ನಿನ್ನ,
ಅಣ್ಣ